ಹಲ್ಲುಕಾಗದ

ದಂಗೆ ಎದ್ದವರಲ್ಲಿ ನಾವು ನೂರು ಜನ ಉಳಿದಿದ್ದೆವು. ಎಂಬತ್ತು ಕರಿಯರು, ಇಪ್ಪತ್ತು ಇಂಗ್ಲಿಷ್ ಜೀತದಾಳುಗಳು. ಮಿಕ್ಕ ಮುನ್ನೂರು ಜನ ಹಿಂದಿನ ದಿನವೇ ಕೋವಿ ಕೆಳಗಿಟ್ಟು, ಸಂಧಾನಕ್ಕೆ ಬಂದ ಕಪ್ತಾನ ಕೊಟ್ಟ ಬ್ರಾಂದಿ ಕುಡಿದು, ಮನೆಗೆ ಹೋಗಿದ್ದರು. ಅವರಿಗೆ ಮನೆಗಳಿದ್ದವು.

ಜನವರಿ ತಿಂಗಳು. ಪಮಂಕಿ, ಮಟ್ಟಪೋನಿ ಹೊಳೆಗಳು ಕೂಡಿ ಯಾರ್ಕ್ ನದಿಯಾಗುವ ಕಡೆ, ನೆಲದ ಮೂತಿಯ ಮೇಲೆ ಒಂದು ಇಟ್ಟಿಗೆ ಮನೆ. ಅದರ ಸುತ್ತ ನಾವು ತೋಡಿದ ಕಂದಕ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಹನ್ನೊಂದು ದಿನ ಅಗೆದಿದ್ದೆವು. ನಾನೂ ಅಗೆದೆ. ಏಳು ತಿಂಗಳ ಹೊಟ್ಟೆ. ಬಗ್ಗಿದರೆ ತೊಡೆಗೆ ತಾಗುತ್ತಿತ್ತು. ಹಾಗಾಗಿ ಮಂಡಿಯೂರಿ ಅಗೆದೆ.

ನನ್ನ ಹೆಸರು ಗ್ರಾಸಿಯ. ಅಂಗೋಲದಲ್ಲಿ ಒಬ್ಬ ಪೋರ್ಚುಗೀಸ್ ಪಾದ್ರಿ ನನ್ನ ತಾಯಿಗೆ ಇಟ್ಟ ಹೆಸರು. ತಾಯಿ ಸತ್ತ ಮೇಲೆ ಒಡೆಯ ಅದನ್ನೇ ನನಗೆ ಇಟ್ಟ. ಹೊಸ ಹೆಸರು ಹುಡುಕುವ ತಾಪತ್ರಯ ತಪ್ಪಿತು.

ನನಗೆ ಬೇಕಾಗಿದ್ದದ್ದು ಒಂದೇ. ಮಗು ಹೊರಬರುವ ಮೊದಲು ನನಗೆ ಬಿಡುಗಡೆಯಾಗಬೇಕಿತ್ತು. ಒಂದು ದಿನ ಮೊದಲಾದರೂ ಸರಿ, ಒಂದು ಗಳಿಗೆ ಮೊದಲಾದರೂ ಸರಿ. ಹದಿನಾಲ್ಕು ವರ್ಷದ ಹಿಂದೆ ಜೇಮ್ಸ್‌ಟೌನಿನಲ್ಲಿ ಈ ಇಂಗ್ಲಿಷ್ ವಸಾಹತಿನ ದೊಡ್ಡ ಮನುಷ್ಯರು ಕೂತು ಒಂದು ಕಾನೂನು ಬರೆದರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅವರ ಸ್ವಂತ ದೇಶದಲ್ಲಿ ಮಗು ಅಪ್ಪನದು. ಹೆಸರು ಅಪ್ಪನದು, ಹೊಲ ಅಪ್ಪನದು. ಇಲ್ಲಿ ನಮಗೆ ಮಾತ್ರ ತಾಯಿಯದು. ಯಾಕೆಂದು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಷ್ಟೋ ಗುಡಿಸಲುಗಳಲ್ಲಿ ಮಕ್ಕಳ ಮೂಗು ಒಡೆಯನ ಮೂಗಿನ ಹಾಗೇ ಇರುತ್ತಿತ್ತು.

ನನ್ನ ಹೊಟ್ಟೆಯಲ್ಲಿದ್ದದ್ದು ಒಡೆಯನದಲ್ಲ. ಜೆಂಕಿನ್ನನದು.

ಜೆಂಕಿನ್ ವೇಲ್ಸಿನವನು. ಹಡಗಿನ ಖರ್ಚಿಗೆ ಬದಲಾಗಿ ಏಳು ವರ್ಷದ ಜೀತಕ್ಕೆ ಬಂದವನು. ಐದು ಮುಗಿದಿತ್ತು, ಎರಡು ಉಳಿದಿತ್ತು. ಇಬ್ಬರೂ ಮೇಜರ್ ಪೆಂಡ್ರಿಯ ಹೊಗೆಸೊಪ್ಪಿನ ತೋಟದಲ್ಲಿ ಒಂದೇ ಸಾಲಿನಲ್ಲಿ ದುಡಿದೆವು. ಸನಿಕೆಯಲ್ಲಿ ಮಣ್ಣೆಳೆದು ಮೊಣಕಾಲೆತ್ತರ ಗುಡ್ಡೆ ಮಾಡಬೇಕು. ದಿನಕ್ಕೆ ಮುನ್ನೂರೈವತ್ತು ಗುಡ್ಡೆ. ಒಂದೊಂದಕ್ಕೂ ಒಂದು ಸಸಿ. ಸಸಿ ಎದ್ದ ಮೇಲೆ ಕುಡಿ ಚಿವುಟಬೇಕು, ಎಲೆಯ ಕಂಕುಳಲ್ಲಿ ಮೂಡುವ ಚಿಗುರು ಕೀಳಬೇಕು, ಎಲೆ ಮಗುಚಿ ಹುಳ ಹೆಕ್ಕಬೇಕು. ಬೆರಳು ಗಾತ್ರದ ಹಸಿರು ಹುಳ. ಒಂದು ಹುಳ ಉಳಿದದ್ದು ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಅದನ್ನು ನಮ್ಮ ಬಾಯಿಗೆ ಹಾಕುತ್ತಿದ್ದ. ಅಗಿದು ನುಂಗಿ, ಬಾಯಿ ತೆರೆದು ತೋರಿಸಬೇಕಿತ್ತು.

ಮೂರು ಬೇಸಿಗೆಯ ಹಿಂದೆ ನಾವಿಬ್ಬರೂ ಒಂದೇ ದಿನ ಅಗಿದೆವು. ಮೇಸ್ತ್ರಿ ಮುಂದಕ್ಕೆ ಹೋದ ಮೇಲೆ ಜೆಂಕಿನ್ ಉಗುಳಿ ನನ್ನ ಕಡೆ ತಿರುಗಿದ.

"ನಿಂದ್ರಾಗೆ ಉಪ್ಪಿತ್ತಾ? ನಂದು ಬರೀ ಸಪ್ಪೆ ಕಣಮ್ಮಿ."

ನಾನು ನಕ್ಕೆ. ನಕ್ಕದ್ದಕ್ಕೆ ಮೇಸ್ತ್ರಿ ತಿರುಗಿಬಂದು ಬೆನ್ನಿಗೆ ಬಾರಿಸಿದ. ಮಾತು ಅವತ್ತಿನಿಂದ ಶುರುವಾಯಿತು.

ಹೋದ ಬೇಸಿಗೆಯಲ್ಲಿ ದಂಗೆ ಎದ್ದಿತು. ಎಬ್ಬಿಸಿದವನು ನಮ್ಮವನಲ್ಲ. ಅವನೂ ದೊಡ್ಡ ಜಮೀನುದಾರ. ಇಲ್ಲಿನ ಮೂಲನಿವಾಸಿಗಳಾದ ಇಂಡಿಯನ್ನರ ನೆಲ ಇನ್ನೂ ಬೇಕು, ಗವರ್ನರ್ ಕೊಡುತ್ತಿಲ್ಲ ಎಂದು ಎದ್ದವನು. ಜನ ಸಾಲದೆ ಬಂದಾಗ ಒಂದು ಮಾತು ಸಾರಿದ. ಕೋವಿ ಹಿಡಿದು ತನ್ನ ಕಡೆ ಬಂದ ಜೀತದವನಿಗೆ ಬಿಡುಗಡೆ, ಗುಲಾಮನಿಗೂ ಬಿಡುಗಡೆ. ನಾವು ಅದೇ ವಾರ ಓಡಿಬಂದೆವು. ಜೇಮ್ಸ್‌ಟೌನನ್ನು ಸುಟ್ಟೆವು. ಕಾನೂನು ಬರೆದ ಮನೆ ಉರಿಯುವುದನ್ನು ನಾನು ನಿಂತು ನೋಡಿದೆ. ಆದರೆ ಅದಕ್ಕೂ ಮೊದಲು ನಮ್ಮವರು ಅವನ ಹಿಂದೆ ಜೌಗಿಗೆ ನುಗ್ಗಿ ಪಮಂಕಿ ಇಂಡಿಯನ್ನರ ಗುಡಿಸಲುಗಳನ್ನು ಸುಟ್ಟಿದ್ದರು. ಪಮಂಕಿಗಳು ನಮಗೆ ಏನೂ ಮಾಡಿರಲಿಲ್ಲ. ಈ ಚಳಿಯಲ್ಲಿ ನಾನು ಹೊದ್ದಿದ್ದ ಜಿಂಕೆ ಚರ್ಮ ಒಬ್ಬ ಪಮಂಕಿ ಹೆಂಗಸಿನದು. ಅದನ್ನು ಬಚ್ಚಿಟ್ಟು ಈ ಕತೆ ಹೇಳಲಾರೆ.

ಅಕ್ಟೋಬರಿನಲ್ಲಿ ನಾಯಕ ರಕ್ತಭೇದಿಯಾಗಿ ಸತ್ತ. ಅವನ ಗೆಳೆಯರಾದ ಜಮೀನುದಾರರು ಒಬ್ಬೊಬ್ಬರಾಗಿ ಗವರ್ನರನ ಕಾಲು ಹಿಡಿದರು. ನಾವು ಉಳಿದೆವು. ನಮಗೆ ಹಿಡಿಯಲು ಕಾಲುಗಳಿರಲಿಲ್ಲ.

*

ಮುನ್ನೂರು ಜನ ಹೋದ ಮರುದಿನ ಬೆಳಿಗ್ಗೆ ಕಪ್ತಾನ ಮತ್ತೆ ಬಂದ. ಸಣ್ಣ ದೋಣಿ, ನಾಲ್ಕು ಜನ ಹುಟ್ಟು ಹಾಕುವವರು. ಸೊಂಟದಲ್ಲಿ ಕತ್ತಿ ಇರಲಿಲ್ಲ. ಲಂಡನ್ನಿನಿಂದ ಬಂದ ದೊಡ್ಡ ವ್ಯಾಪಾರಿ ಹಡಗಿನ ಕಪ್ತಾನ ಅವನು. ಗವರ್ನರ್ ಅವನನ್ನು ಮಧ್ಯಸ್ಥಿಕೆಗೆ ಕಳಿಸಿದ್ದ. ದನಿ ಮೆತ್ತಗೆ. ಟೋಪಿ ತೆಗೆದು ಮಾತಾಡಿದ. ನಮ್ಮ ಮುಂದೆ ಟೋಪಿ ತೆಗೆದವರನ್ನು ನಾವು ಅದುವರೆಗೆ ಕಂಡಿರಲಿಲ್ಲ.

"ನೋಡಿ, ಇನ್ನೊಂದು ಸಲ ಹೇಳ್ತೀನಿ. ನಿನ್ನೆ ಮುನ್ನೂರು ಜನ ಹೋದ್ರು. ಒಬ್ಬರ ಕೂದಲೂ ಕೊಂಕಲಿಲ್ಲ. ನೀವೂ ಕೋವಿ ಇಟ್ಟುಬಿಡಿ."

ನಮ್ಮ ಕಡೆ ಮಾತಾಡುವವನು ಕಸಾಂಗ. ಅಂಗೋಲದ ಯುದ್ಧಗಳಲ್ಲಿ ಕಾದಿ ಸೆರೆಸಿಕ್ಕವನು. ಐವತ್ತು ದಾಟಿತ್ತು. ಮಾತು ನಿಧಾನ.

"ಅವ್ರು ಹೋದ್ರು, ಸರಿ ಸಾಮಿ. ಅವ್ರು ಹೋಗಿದ್ದು ಅವ್ರ ಮನೆಗೆ. ನಾವು ಕೋವಿ ಮಡಗಿ ಹೋಗೋದು ಯಾರ ಮನೆಗೆ?"

"ಬಿಡುಗಡೆ ಕೊಡಿಸ್ತೀನಿ."

"ಕೊಡ್ಸಿ. ಆಮೇಕೆ ಕೋವಿ ಕೇಳಿ."

"ಮೊದಲು ಕೋವಿ."

"ಹಂಗಾದ್ರೆ ಚಳಿ ಐತೆ, ನಿಮ್ಮ ಹಡಗಿಗೆ ಹೋಗಿ ಬೆಚ್ಚಗೆ ಮಲ್ಕಳಿ."

ಹಿಂದೆ ನಿಂತಿದ್ದ ಅರೆಗಿವಿ ಹಂಫ್ರಿ ಗಹಗಹಿಸಿದ. ಹಂಫ್ರಿ ಕೆಂಟ್ ಸೀಮೆಯ ಇಂಗ್ಲಿಷರವನು, ನಲವತ್ತು ವರ್ಷದವನು. ಎರಡು ಸಲ ಓಡಿಹೋಗಿ ಸಿಕ್ಕಿಬಿದ್ದಿದ್ದ. ಎರಡನೆಯ ಸಲ ಅವನ ಎಡಗಿವಿಯನ್ನು ಕಂಬಕ್ಕೆ ಮೊಳೆ ಹೊಡೆದು ಕುಯ್ದಿದ್ದರು. ನೂರು ಜನರಲ್ಲಿ ಓದು ಬರುತ್ತಿದ್ದದ್ದು ಅವನೊಬ್ಬನಿಗೇ.

ಕಪ್ತಾನನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು.

"ಆಯ್ತು. ಕೋವಿ ನಿಮ್ಮ ಹತ್ರಾನೇ ಇರಲಿ," ಎಂದ. "ದೊಡ್ಡ ಹಾಯಿದೋಣಿ ತರಿಸ್ತೀನಿ. ನದಿ ಇಳಿದು, ಕೊಲ್ಲಿಯ ತೆಂಕಣ ದಡಕ್ಕೆ ಬಿಡ್ತೀನಿ. ಅಲ್ಲಿಂದ ಜೌಗು ದಾಟಿದ್ರೆ ಕೆರೊಲಿನಾ. ಅಲ್ಲಿ ಗವರ್ನರ್ ಕೈ ಹೋಗಲ್ಲ. ನಿಮ್ಮ ಕೋವಿ, ನಿಮ್ಮ ಕಾಲು. ಇನ್ನೇನು ಬೇಕು?"

ನಮ್ಮಲ್ಲಿ ಎರಡು ದಿನದ ಜೋಳ ಉಳಿದಿತ್ತು. ಹೊರಗಡೆ ಗವರ್ನರನ ಸಾವಿರ ಜನ ಬರುತ್ತಿದ್ದರು.

"ಕಾಗ್ದ," ಎಂದ ಜೆಂಕಿನ್.

ಎಲ್ಲರೂ ಅವನತ್ತ ನೋಡಿದರು.

"ಬಾಯಿ ಮಾತು ಬ್ಯಾಡ. ಹಲ್ಲುಕಾಗ್ದ ಬೇಕು."

ಅವನು ಅಂಗಿಯೊಳಗಿಂದ ಮೇಣಬಟ್ಟೆಯ ಸುರುಳಿ ತೆಗೆದ. ಅವನ ಜೀತದ ಕರಾರು ಅದು. ಹೀಗೆ ಮಾಡುತ್ತಿದ್ದರು: ಒಂದೇ ಹಾಳೆಯ ಮೇಲೆ, ಮೇಲರ್ಧ ಕೆಳಗರ್ಧ, ಒಂದೇ ಕರಾರನ್ನು ಎರಡು ಸಲ ಬರೆಯುವುದು. ನಡುವೆ ಚಾಕುವಿನಿಂದ ಗರಗಸದ ಹಲ್ಲಿನಂತೆ ಅಡ್ಡಾದಿಡ್ಡಿ ಕತ್ತರಿಸುವುದು. ಅರ್ಧ ಒಡೆಯನಿಗೆ, ಅರ್ಧ ಆಳಿಗೆ. ಜಗಳ ಬಂದರೆ ಕೋರ್ಟಿನ ಮೇಜಿನ ಮೇಲೆ ಎರಡನ್ನೂ ಇಟ್ಟು ಜೋಡಿಸುತ್ತಾರೆ. ಹಲ್ಲಿಗೆ ಹಲ್ಲು ಕೂತರೆ ಕರಾರು ಖರೆ.

"ನಮ್ ತ್ವಾಟದಾಗೆ ಒಬ್ಬ ಇದ್ದ," ಎಂದ ಜೆಂಕಿನ್. "ಏಳು ವರ್ಸ ಮುಗದ್ರೂ ಮೇಜರು ಬಿಡ್ನಿಲ್ಲ. ಕೋರ್ಟ್ನಾಗೆ ಕಾಗ್ದ ಜೋಡ್ಸುದ್ರು. ಹಲ್ಲು ಕೂತ್ಕತು. ಮೇಜರು ಕಮಕ್ ಕಿಮಕ್ ಅನ್ಲಿಲ್ಲ. ಬಿಟ್ಟ. ಮೂರು ಚೀಲ ಜೋಳಾನೂ ಕೊಟ್ಟ. ನಾನೇ ಕಣ್ಣಾರೆ ಕಂಡೀನಿ."

ಆ ಅರ್ಧ ಹಾಳೆಯನ್ನು ನಾನು ಎಷ್ಟು ಸಲ ಮುಟ್ಟಿ ನೋಡಿದ್ದೆನೋ. ಬೆರಳಿಗೆ ಚುಚ್ಚುವ ಆ ಅಂಚು. ಕರಿಯರಲ್ಲಿ ಯಾರ ಬಳಿಯೂ ಅಂಥದ್ದು ಇರಲಿಲ್ಲ. ಕೊನೆಯೇ ಇಲ್ಲದ ಜೀತಕ್ಕೆ ಕರಾರು ಯಾಕೆ? ಹಲ್ಲುಕಾಗದ ಇದ್ದವನಿಗೆ ಒಂದು ದಿನ ಇತ್ತು. ಆ ದಿನ ಬರುತ್ತಿತ್ತು. ಇಲ್ಲದವರಿಗೆ ಬರೀ ಋತುಗಳು.

ಕಪ್ತಾನ ಜೆಂಕಿನ್ನನನ್ನೇ ನೋಡಿದ. ಆಮೇಲೆ ನಕ್ಕ. "ಜಾಣ ಇದ್ದೀಯ. ಇಂಗ್ಲಿಷ್ ರಕ್ತ."

"ಇಂಗ್ಲಿಷ್ ಅಂತ ಬಯ್ಯಬ್ಯಾಡಿ ಸಾಮಿ. ನಾನು ವೇಲ್ಸಿನೋನು."

"ವೇಲ್ಸಿನ ಹೋತ," ಎಂದ ಹಂಫ್ರಿ. "ಗಡ್ಡ ನೋಡಿದ್ರೆ ತಿಳ್ಯಕಿಲ್ವಾ?"

"ನಿಂಗೆ ಒಂದು ಕಿವಿ ಉಳ್ಸಿದ್ದೇ ಅವ್ರು ಮಾಡಿದ ತಪ್ಪು ಕಣ್ಲಾ."

ಎಲ್ಲರೂ ನಕ್ಕರು. ಕಪ್ತಾನನೂ ನಕ್ಕ. ನಕ್ಕು ದೋಣಿಯಿಂದ ಮಸಿ, ಗರಿ, ದೊಡ್ಡದೊಂದು ಹಾಳೆಯನ್ನು ತರಿಸಿದ.

*

ಬ್ರಾಂದಿ ಪೀಪಾಯಿಯನ್ನೇ ಮೇಜು ಮಾಡಿಕೊಂಡು ಅವನು ಬರೆಯಲು ಕೂತ. ನಾವು ಸಾಲಾಗಿ ನಿಂತೆವು. ಹೆಸರು ಹೇಳಬೇಕು, ಯಾರ ಆಳು ಎಂದು ಹೇಳಬೇಕು.

"ಒಡೇರ ಹೆಸರು ಯಾಕೆ?" ಎಂದ ಕಸಾಂಗ.

"ಯಾರಿಂದ ಬಿಡುಗಡೆ ಅಂತ ಬರೀಬೇಡವಾ? ನಾಳೆ ನಿನ್ನ ಒಡೆಯ ಬಂದು, ಇದು ಬೇರೆ ಕಸಾಂಗ, ನನ್ನ ಆಳಲ್ಲ ಅಂದ್ರೆ?"

ಕಸಾಂಗ ಜೆಂಕಿನ್ನನ ಕಡೆ ನೋಡಿದ. ಜೆಂಕಿನ್ ಹೌದೆಂದು ತಲೆಯಾಡಿಸಿದ. "ನನ್ ಕಾಗ್ದದಾಗೂ ಮೇಜರ ಹೆಸರೈತೆ. ಇಲ್ದಿದ್ರೆ ಕಾಗ್ದ ನಿಲ್ಲಕಿಲ್ಲ."

ಕಸಾಂಗ ಹೇಳಿದ. ಎಲ್ಲರೂ ಹೇಳಿದೆವು. ಯಾವ ಹೊಳೆಯ ದಡ, ಯಾವ ತೋಟ, ಒಡೆಯ ಯಾರು. ತಪ್ಪಾಗಬಾರದೆಂದು ಎರಡೆರಡು ಸಲ ಹೇಳಿದೆವು. ಒಬ್ಬ ಮುದುಕ ತನ್ನ ಹೆಗಲ ಮೇಲಿನ ಬರೆಯ ಗುರುತನ್ನೂ ತೋರಿಸಿ, "ಇದ್ನೂ ಬರ್ಕಳಿ, ಗುರ್ತಿಗೆ," ಎಂದ. ಕಪ್ತಾನ ಅದನ್ನೂ ಬರೆದುಕೊಂಡ.

ಅವನಿಗೆ ತಾಳ್ಮೆ ಇತ್ತು. ಮಸಿ ಹೆಪ್ಪುಗಟ್ಟುತ್ತಿತ್ತು. ಬಾಯಿಯ ಆವಿ ಊದಿ ಕರಗಿಸಿಕೊಂಡು ಬರೆದ. ಮಧ್ಯಾಹ್ನದವರೆಗೂ ಬರೆದ. ನೂರು ಹೆಸರು, ಎರಡೆರಡು ಸಲ. ಮೋಸ ಮಾಡುವವನು ಇಷ್ಟು ಕಷ್ಟಪಡುತ್ತಾನೆಯೇ ಎಂದು ನಾನು ಅಂದುಕೊಂಡೆ. ಅವನ ಬೆರಳು ಮರಗಟ್ಟಿದಾಗ ನಾನೇ ಬೆಂಕಿಯ ಮೇಲೆ ಬಿಸಿ ಮಾಡಿದ ಕಲ್ಲೊಂದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅವನು ಉಪಕಾರವಾಯಿತು ಎಂದ.

ನನ್ನ ಸರದಿ ಬಂತು.

"ಹೆಸರು?"

"ಗ್ರಾಸಿಯ. ಮೇಜರ್ ಪೆಂಡ್ರಿ ತ್ವಾಟ. ಯಾರ್ಕ್ ನದಿ, ಬಡಗಣ ದಡ."

ಬರೆದ. "ಮುಂದೆ ಹೋಗು."

ನಾನು ಹೋಗಲಿಲ್ಲ. "ಇನ್ನೊಂದೈತೆ. ಹೊಟ್ಟೇಲಿರೋದ್ನೂ ಬರೀರಿ."

ಗರಿ ನಿಂತಿತು. "ಏನು?"

"ಕೂಸು. ಅದ್ಕೂ ಬಿಡ್ಗಡೆ ಅಂತ ಬರೀರಿ."

"ಅದಕ್ಕೆ ಇನ್ನೂ ಹೆಸರೇ ಇಲ್ಲವಲ್ಲ ತಾಯಿ?"

"ಹೆಸ್ರಿಲ್ದಿದ್ರೂ ನಿಮ್ ಕಾನೂನು ಅದ್ನ ಹಿಡ್ಕತದೆ. ಹೆಸ್ರಿಲ್ದಿದ್ರೂ ಬಿಡ್ಗಡೆ ಬರೀಬೋದು."

ಸಾಲಿನಲ್ಲಿದ್ದವರು ನಕ್ಕರು. "ಅದ್ಕೂ ಒಂದು ಕೋವಿ ಕೊಡಿ ಸಾಮಿ!" ಎಂದು ಯಾರೋ ಕೂಗಿದರು. ಜೆಂಕಿನ್ ನಗಲಿಲ್ಲ. ನನ್ನ ಪಕ್ಕ ಬಂದು ನಿಂತ. ಅವನ ಕೈ ನನ್ನ ಬೆನ್ನಿನ ಮೇಲಿತ್ತು.

ಕಪ್ತಾನ ಬರೆದ. ಹಂಫ್ರಿ ಬಗ್ಗಿ ಓದಿ ಹೇಳಿದ. "ಗ್ರಾಸಿಯ, ಮೇಜರ್ ಪೆಂಡ್ರಿಯ ಆಳು, ಮತ್ತು ಅವಳ ಹೊಟ್ಟೆಯಲ್ಲಿರುವುದು. ಸರ್ಯಾಗೈತೆ ಕಣವ್ವ. ಒಂದಕ್ಸರ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಕೊನೆಗೆ ಕಪ್ತಾನ ಚಾಕು ತೆಗೆದು ನಡುವೆ ಕತ್ತರಿಸಿದ. ಒಂದು ಹಲ್ಲು ಮೇಲೆ, ಒಂದು ಹಲ್ಲು ಕೆಳಗೆ. ಜೆಂಕಿನ್ ಎರಡೂ ತುಂಡು ತೆಗೆದುಕೊಂಡು ಪೀಪಾಯಿಯ ಮೇಲೆ ಜೋಡಿಸಿ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಒಂದೊಂದು ಹಲ್ಲನ್ನೂ ಉಗುರಿನಿಂದ ತಡವಿದ.

"ಕೂತ್ಕಂತದೆ," ಎಂದ. "ಕಸಾಂಗಣ್ಣ, ಚಂದಾಗಿ ಕೂತ್ಕಂತದೆ."

ಅರ್ಧ ಕಪ್ತಾನನ ಕೋಟಿನೊಳಗೆ ಹೋಯಿತು. ಅರ್ಧ ಕಸಾಂಗನ ಎದೆಗೆ.

*

ಮರುದಿನ ಬೆಳಗ್ಗೆ ಹಾಯಿದೋಣಿ ಬಂತು. ಗಾಳಿ ಇರಲಿಲ್ಲ. ನದಿಯ ಮೇಲೆ ಮಂಜು. ಕಪ್ತಾನ ತನ್ನ ಉದ್ದದೋಣಿಯಲ್ಲಿ ಹನ್ನೆರಡು ಜನ ಹುಟ್ಟು ಹಾಕುವವರನ್ನು ಕೂರಿಸಿ, ನಮ್ಮ ದೋಣಿಯನ್ನು ಹಗ್ಗದಲ್ಲಿ ಎಳೆಸಿಕೊಂಡು ಹೊರಟ. ನಾವು ನೂರು ಜನ ಒಬ್ಬರ ಬೆನ್ನಿಗೆ ಒಬ್ಬರು ಒರಗಿ ಕೂತೆವು. ಕೋವಿಗಳು ತೊಡೆಯ ಮೇಲೆ. ಮದ್ದು ಒದ್ದೆಯಾಗದಂತೆ ಕಂಕುಳಲ್ಲಿ.

"ಕೆರೊಲಿನಾದಾಗೆ ಏನ್ ಬೆಳಿತೀಯಾ?" ಎಂದು ನಾನು ಜೆಂಕಿನ್ನನನ್ನು ಕೇಳಿದೆ.

"ಏನ್ ಬೇಕಾರೂ. ಹೊಗೆಸೊಪ್ಪು ಒಂದ್ ಬುಟ್ಟು."

"ಕುರಿ?"

"ಕುರಿ ಸಾಕ್ತೀನಿ. ಅಪ್ಪನ ಹತ್ರ ಹನ್ನೆರಡಿದ್ವು. ಹೆಸ್ರು ಹಿಡ್ದು ಕರುದ್ರೆ ಬರ್ತಿದ್ವು."

"ಹೋತನ ಮಾತು ಕುರಿ ಕೇಳ್ದೆ ಇರ್ತದಾ?" ಎಂದ ಹಂಫ್ರಿ.

ನದಿಯ ತಿರುವು ಬಂದಾಗ ದಡ ಕಾಣಲಿಲ್ಲ. ಮಂಜಿನಲ್ಲಿ ಒಂದು ಗೋಡೆ ಎದ್ದಿತು. ಮೊದಲು ನಾನು ಅದನ್ನು ದಡದ ಬಂಡೆ ಎಂದುಕೊಂಡೆ. ಗೋಡೆಗೆ ಕಿಟಕಿಗಳಿದ್ದವು. ಕಿಟಕಿಗಳು ಒಂದೊಂದಾಗಿ ತೆರೆದವು. ಪ್ರತಿ ಕಿಟಕಿಯಿಂದಲೂ ಒಂದು ತೋಪಿನ ಬಾಯಿ ಹೊರಬಂತು.

ಕಪ್ತಾನನ ಹಡಗು.

ಉದ್ದದೋಣಿಯವರು ಹಗ್ಗ ಬಿಚ್ಚಿ ಹಡಗಿನ ಆಚೆ ಮಗ್ಗುಲಿಗೆ ಹೋದರು. ಮೇಲಿನಿಂದ ಕೊಕ್ಕೆಗಳು ಬಿದ್ದು ನಮ್ಮ ದೋಣಿಯನ್ನು ಹಿಡಿದವು. ತೋಪುಗಳು ನಮ್ಮ ತಲೆಯ ಮೇಲಿದ್ದವು. ಬತ್ತಿಯ ಹೊಗೆ ಮೂಗಿಗೆ ಬರುತ್ತಿತ್ತು.

ಕಪ್ತಾನ ಮೇಲೆ ಕಟಾಂಜನದ ಬಳಿ ಬಂದು ನಿಂತ. ಟೋಪಿ ತಲೆಯ ಮೇಲಿತ್ತು.

"ಕೋವಿ ಕೊಡಿ."

ಕಸಾಂಗ ಎದ್ದು ನಿಂತ. ಕಾಗದವನ್ನು ಎತ್ತಿ ಹಿಡಿದ. ದೋಣಿ ತೂಗುತ್ತಿತ್ತು. ಅವನ ಕೈ ತೂಗಲಿಲ್ಲ.

"ಹಲ್ಲು ಐತೆ ಸಾಮಿ. ನಿಮ್ ಅರ್ಧ ತನ್ನಿ. ಜೋಡ್ಸಿ."

"ಜೋಡಿಸಿದ್ರೆ ಕೂತ್ಕೊಳ್ಳುತ್ತೆ," ಎಂದ ಕಪ್ತಾನ. "ನಾನು ಸುಳ್ಳು ಬರೆದಿಲ್ಲ. ಆದ್ರೆ ಅದು ಒಡೆಯನಿಗೂ ಆಳಿಗೂ ನಡುವಿನ ಕಾಗದ. ನಾನು ನಿಮ್ಮ ಒಡೆಯನಾ? ನನ್ನದಲ್ಲದ್ದನ್ನ ನಾನು ಹೇಗೆ ಬಿಟ್ಟುಕೊಡ್ಲಿ? ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲ ಕಣಪ್ಪ."

ಜೆಂಕಿನ್ ಹಲ್ಲು ನೋಡಿದ್ದ. ಹಂಫ್ರಿ ಅಕ್ಷರ ನೋಡಿದ್ದ. ಕೊಡುವವನು ಯಾರು ಎಂದು ನಾವು ಯಾರೂ ನೋಡಿರಲಿಲ್ಲ.

ಕಪ್ತಾನ ಕೋಟಿನಿಂದ ತನ್ನ ಅರ್ಧವನ್ನು ತೆಗೆದ. ಓದತೊಡಗಿದ. ಕಸಾಂಗ, ಇಂಥವರ ಆಳು, ಇಂಥ ತೋಟ. ಮುಂದಿನವನು. ಹೆಗಲ ಮೇಲೆ ಬರೆ ಇದ್ದ ಮುದುಕ, ಇಂಥವರ ಆಳು. ಪಕ್ಕದಲ್ಲಿ ಒಬ್ಬ ಗುಮಾಸ್ತ ಯಾರ್ಯಾರನ್ನು ಯಾವ ದಡಕ್ಕೆ ಇಳಿಸಬೇಕೆಂದು ಗುರುತು ಹಾಕುತ್ತಿದ್ದ. ಆಗ ನಮಗೆ ತಿಳಿಯಿತು. ನಮ್ಮನ್ನು ಹಿಂದಿರುಗಿಸಲು ಬೇಕಾದ ಪಟ್ಟಿಯನ್ನು ನಾವೇ ಬರೆಸಿಕೊಟ್ಟಿದ್ದೆವು. ಎರಡೆರಡು ಸಲ ಹೇಳಿ, ತಪ್ಪಿಲ್ಲದಂತೆ ಬರೆಸಿದ್ದೆವು.

"ಗ್ರಾಸಿಯ, ಮೇಜರ್ ಪೆಂಡ್ರಿಯ ಆಳು," ಎಂದು ಓದಿದ. "ಮತ್ತು ಅವಳ ಹೊಟ್ಟೆಯಲ್ಲಿರುವುದು."

ಗುಮಾಸ್ತ ತಲೆ ಎತ್ತಿ ನನ್ನ ಹೊಟ್ಟೆಯನ್ನು ನೋಡಿದ. ಗುರುತು ಹಾಕಿಕೊಂಡ.

ನನ್ನ ಕೈ ಹೊಟ್ಟೆಯ ಮೇಲಿತ್ತು. ತೆಗೆದೆ. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ಇವನ್ನ ಹೊಡ್ದಾಕಿಬುಡಾನ," ಎಂದು ಹಿಂದಿನಿಂದ ಯಾರೋ ಹೇಳಿದರು. ನೂರು ಕೋವಿ ಎದ್ದವು. ಕಪ್ತಾನ ಬಗ್ಗಲಿಲ್ಲ. ಅವನು ಇನ್ನೊಂದು ಮಾತು ಹೇಳಿದ. ತೋಪಿಗಿಂತ ಅದೇ ಕೆಲಸ ಮಾಡಿತು.

"ಇಂಗ್ಲಿಷರಿಗೆ ಮಾತ್ರ ಹೇಳ್ತಿದ್ದೀನಿ. ನೀವು ನಮ್ಮ ಜನ. ನಿಮ್ಮ ಜೊತೆ ನನಗೆ ಜಗಳ ಇಲ್ಲ. ಕೋವಿ ಇಟ್ಟು ಮೇಲೆ ಬನ್ನಿ. ಎರಡು ವರ್ಷ ಹೆಚ್ಚಿಗೆ ದುಡೀರಿ, ಆಮೇಲೆ ನಿಮ್ಮ ದಾರಿ ನಿಮಗೆ. ನೇಣು ಇಲ್ಲ, ಚಾಟಿ ಇಲ್ಲ. ಇವರ ಜೊತೆ ಸಾಯೋಕೆ ನಿಮಗೇನು ಬಂದಿದೆ?"

ಹಗ್ಗದೇಣಿ ಬಿತ್ತು.

ಇಪ್ಪತ್ತು ಜನ ಒಬ್ಬರನ್ನೊಬ್ಬರು ನೋಡಿದರು. ಅದಕ್ಕೆ ಮೊದಲು ಅವರು ಹಾಗೆ ಒಬ್ಬರನ್ನೊಬ್ಬರು ಹುಡುಕಿ ನೋಡಿಕೊಂಡದ್ದು ನನಗೆ ನೆನಪಿಲ್ಲ. ಮೊದಲನೆಯವನು ಕೋವಿಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟ. ಸದ್ದಾಗಬಾರದು ಎನ್ನುವಂತೆ. ಏಣಿ ಹತ್ತಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ನಾಲ್ಕೈದು ಜನ ಒಟ್ಟಿಗೆ.

"ಏಯ್, ಒಂಟಿಗಿವಿಯವನೇ! ನೀನು?" ಎಂದ ಕಪ್ತಾನ.

ಹಂಫ್ರಿ ಅಂಗೈಯನ್ನು ಇಲ್ಲದ ಕಿವಿಯ ಬಳಿ ಹಿಡಿದ. "ಏನಂದ್ರಿ ಸಾಮಿ? ಈ ಕಡೆ ಕೇಳ್ಸಾಕಿಲ್ಲ. ನಿಮ್ಮೋರೇ ಕುಯ್ದಿದ್ದು."

ಅವನು ಕಸಾಂಗನ ಪಕ್ಕ ಕೂತ. ಕಾಲು ಚಾಚಿಕೊಂಡು ಕೂತ. ಇಂಗ್ಲಿಷರಲ್ಲಿ ಹಾಗೆ ಉಳಿದವರು ಮೂವರೇ.

ಜೆಂಕಿನ್ ನಿಂತೇ ಇದ್ದ.

"ಗ್ರಾಸಿಯ," ಎಂದ. "ನಾನು ಬದುಕಿದ್ರೆ ಏನಾರ ಮಾಡ್ಬೋದು. ಇಲ್ಲೇ ಕೂತ್ರೆ ಇಬ್ರೂ ಹೋಯ್ತೀವಿ. ನಾಕ್ ವರ್ಸ. ನಾಕೇ ವರ್ಸ. ಆಮೇಕೆ ನಾನು ಬಂದು..."

"ಅವ್ನು ಕರುದಿದ್ದು ಇಂಗ್ಲಿಷ್ರುನ್ನ," ಎಂದೆ.

ಅವನು ನನ್ನ ಜಿಂಕೆ ಚರ್ಮವನ್ನು ಹೆಗಲ ಮೇಲೆ ಸರಿಮಾಡಿದ. ಕೋವಿ ಕೆಳಗಿಟ್ಟ. ಹತ್ತಿದ. ಅವನ ಬೂಟಿನ ಹಿಮ್ಮಡಿಯಲ್ಲಿ ತೂತಿತ್ತು. ಆ ತೂತು ಒಂದೊಂದೇ ಮೆಟ್ಟಿಲು ಮೇಲೆ ಹೋಗುವುದನ್ನು ನಾನು ನೋಡಿದೆ.

ಮೇಲೆ ಹತ್ತಿದವರಿಗೆ ಒಂದೊಂದು ಭರ್ಜಿ ಕೊಟ್ಟರು. ಕಟಾಂಜನದ ಉದ್ದಕ್ಕೂ ನಿಲ್ಲಿಸಿದರು. ಮೊನೆ ನಮ್ಮ ಕಡೆಗೆ. ಒಂದು ಗಂಟೆಯ ಹಿಂದೆ ನಮ್ಮ ಬೆನ್ನಿಗೆ ಬೆನ್ನು ಕೊಟ್ಟು ಚಳಿ ಕಾಯಿಸಿಕೊಂಡವರು.

ನಾವು ಬಗ್ಗಲಿಲ್ಲ. ಮಧ್ಯಾಹ್ನವಾಯಿತು. ಅವರು ತೋಪು ಹಾರಿಸಲಿಲ್ಲ. ಅವರಿಗೆ ನಾವು ಬೇಕಾಗಿತ್ತು, ಕೈಕಾಲು ನೆಟ್ಟಗಿರಬೇಕಾಗಿತ್ತು. ಅವರು ಸುಮ್ಮನೆ ಕಾದರು. ಮೇಲೆ ಹಂದಿ ಮಾಂಸ ಬೇಯುವ ವಾಸನೆ. ಕೆಳಗೆ ದೋಣಿಯ ತಳದಲ್ಲಿ ನೀರು ಜಿನುಗಿ ಪಾದ ಮರಗಟ್ಟಿತು. ಕಂಕುಳಲ್ಲಿದ್ದ ಮದ್ದೂ ಒದ್ದೆಯಾಯಿತು. ಹೆಗಲ ಮೇಲೆ ಬರೆಯಿದ್ದ ಮುದುಕ ಕೂತಲ್ಲೇ ಸತ್ತ. ಪಕ್ಕದವನಿಗೆ ಬಹಳ ಹೊತ್ತು ಗೊತ್ತಾಗಲಿಲ್ಲ.

ಬಿಸಿಲು ಇಳಿಯುವ ಮುಂಚೆ ಕಸಾಂಗ ಎದ್ದ. ಕಾಗದವನ್ನು ಬಾಯಿಗೆ ಹಾಕಿಕೊಂಡು ಅಗಿದ. ನುಂಗಿದ. ಆಮೇಲೆ ಕೋವಿಯನ್ನು ಎತ್ತಿ ಹಿಡಿದ. ಮೇಲೆ ಭರ್ಜಿಗಳು ಅಲುಗಿದವು.

"ಕೊಡ್ತೀನಿ ತಗಳಿ," ಎಂದ. ಕೋವಿಯನ್ನು ನದಿಗೆ ಎಸೆದ.

ಹಂಫ್ರಿ ಎಸೆದ. ನಾನು ಎಸೆದೆ. ಒಬ್ಬೊಬ್ಬರಾಗಿ ಎಸೆದೆವು. ಮೇಲೆ ಹೋದವರು ಬಿಟ್ಟುಹೋಗಿದ್ದ ಕೋವಿಗಳನ್ನೂ ಎಸೆದೆವು. ಕಪ್ತಾನ ಬೈಯುತ್ತಿದ್ದ. ಅವನು ಬೈದದ್ದು ಅದೇ ಮೊದಲು. ನದಿ ಎಲ್ಲವನ್ನೂ ತೆಗೆದುಕೊಂಡಿತು. ನಾವು ಅವರಿಗೆ ಕೊಡದೆ ಉಳಿಸಿಕೊಂಡದ್ದು ಅಷ್ಟೇ.

ಆಮೇಲೆ ಹತ್ತಿಸಿದರು. ಒಬ್ಬೊಬ್ಬರನ್ನೇ ಏಣಿ ಹತ್ತಿಸಿ, ಮೇಲೆ ಕೈಗೆ ಹಗ್ಗ ಹಾಕಿದರು. ಕೊನೆಗೆ ನಾನು ಉಳಿದೆ.

"ಹತ್ತು," ಎಂದರು.

ನಾನು ಕೂತೆ.

"ಹತ್ತೇ!"

"ನನ್ ಕಾಲ್ನಾಗೆ ನಾನು ಇದ್ನ ನಿಮ್ಗೆ ತಂದು ಕೊಡಾಕಿಲ್ಲ," ಎಂದೆ. "ಬೇಕಾದ್ರೆ ಬಂದು ಹೊತ್ಕಂಡೋಗಿ."

ನಾವಿಕನೊಬ್ಬ ಇಳಿದ. ಹೊಡೆದ. ಮುಖಕ್ಕೆ ಹೊಡೆದ, ಬೆನ್ನಿಗೆ ಹೊಡೆದ. ಹೊಟ್ಟೆಗೆ ಹೊಡೆಯಲಿಲ್ಲ. "ಹೊಟ್ಟೆ ಜೋಪಾನ!" ಎಂದು ಮೇಲಿನಿಂದ ಗುಮಾಸ್ತ ಕೂಗುತ್ತಿದ್ದ. ನಾನು ಏಳಲಿಲ್ಲ. ಕೊನೆಗೆ ಹೊಗೆಸೊಪ್ಪಿನ ಪೀಪಾಯಿಗಳನ್ನು ಹಡಗಿಗೇರಿಸುವ ರಾಟೆಯನ್ನು ತಿರುಗಿಸಿದರು. ದಪ್ಪ ಹಗ್ಗದ ಜೋಲಿ ಕೆಳಗಿಳಿಯಿತು. ನನ್ನ ಕಂಕುಳಿಗೂ ತೊಡೆಗೂ ಅದನ್ನು ಸುತ್ತಿ ಕಟ್ಟಿದರು.

ರಾಟೆಯ ಹಗ್ಗ ಎಳೆಯಲು ಮೇಲಿದ್ದವರಲ್ಲಿ ಒಬ್ಬನನ್ನು ಕರೆದರು. ಮೇಜರ್ ಪೆಂಡ್ರಿಯ ದೋಣಿಕಡವಿನಲ್ಲಿ ಆ ಕೆಲಸ ಮಾಡಿ ಅಭ್ಯಾಸವಿದ್ದವನು ಬೇಕಾಗಿತ್ತು.

ದೋಣಿ ಕೆಳಗೆ ಸರಿಯಿತು. ನಾನು ಗಾಳಿಯಲ್ಲಿ ತೂಗಿದೆ. ಒಂದು ಕಡೆ ಹಡಗಿನ ಹಲಗೆ. ಒಂದು ಕಡೆ ನದಿ, ಕಪ್ಪಗೆ, ಆಳವಾಗಿ, ಅಂಚಿನಲ್ಲಿ ಹಿಮ ಕಟ್ಟಿಕೊಂಡು. ಜೋಲಿ ನಿಧಾನವಾಗಿ ತಿರುಗಿತು. ತಿರುಗಿದಾಗ ಜೆಂಕಿನ್ನನ ಮುಖ ನನ್ನ ಮುಖಕ್ಕೆ ಎದುರಾಯಿತು. ಹಗ್ಗ ಅವನ ಎರಡೂ ಮುಷ್ಟಿಯಲ್ಲಿತ್ತು. ಬೇರೆ ಯಾರೂ ಅದನ್ನು ಹಿಡಿದಿರಲಿಲ್ಲ.

"ಜೆಂಕಿನ್," ಎಂದೆ. "ಬುಟ್ಟುಬುಡು."

ಅವನಿಗೆ ಕೇಳಿಸಿತು.

"ಇನ್ನೂ ಹುಟ್ಟಿಲ್ಲ ಕಣೋ. ಇನ್ನೂ ಯಾರದೂ ಅಲ್ಲ. ಕೈ ಬುಡು."

ಅವನ ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯಿತು. ಅವನು ಹಗ್ಗವನ್ನು ಒಂದು ಸುತ್ತು ಮುಂಗೈಗೆ ಸುತ್ತಿಕೊಂಡ. ಎಳೆದ. ಎಲ್ಲಿಯೂ ಜಗ್ಗದ ಹಾಗೆ, ಹಡಗಿನ ಹಲಗೆಗೆ ನಾನು ಬಡಿಯದ ಹಾಗೆ, ಹೊಟ್ಟೆಗೆ ಪೆಟ್ಟಾಗದ ಹಾಗೆ, ಒಂದೊಂದೇ ಮೊಳ, ಬಹಳ ಜೋಪಾನವಾಗಿ ಎಳೆದ.